ಪದ ಬರುವ ತನಕ

ಮಾತು ಕಲಿಸುವುದು ನನ್ನ ಕೆಲಸವಾಗಿತ್ತು. ಆ ಕೆಲಸದಲ್ಲಿ ನನಗೆ ಎಲ್ಲಕ್ಕಿಂತ ಕಷ್ಟವಾದದ್ದು ಬಾಯಿ ಮುಚ್ಚಿಕೊಂಡು ಕೂರುವುದು. ಹೊಸದಾಗಿ ಸೇರಿದ ಹುಡುಗಿಯರಿಗೆ ಇದನ್ನು ಹೇಳಿದರೆ ನಗುತ್ತಾರೆ. ಕೆಲವು ತಿಂಗಳಾದ ಮೇಲೆ ಅವರೇ ಬಂದು, "ಮೇಡಂ, ನೀವು ತಮಾಷೆಗೆ ಹೇಳಿದ್ದಲ್ಲ ಅಂತ ಈಗ ಗೊತ್ತಾಯ್ತು" ಅನ್ನುತ್ತಾರೆ.

ಚೆನ್ನೈನ ಪೋರೂರಿನ ಒಂದು ದೊಡ್ಡ ಆಸ್ಪತ್ರೆಯ ವಾಕ್ ಚಿಕಿತ್ಸಾ ವಿಭಾಗದಲ್ಲಿ ನನ್ನ ಉದ್ಯೋಗದ ವರ್ಷಗಳೆಲ್ಲ ಕಳೆದವು. ಹೆಸರು ದೊಡ್ಡದು, ಜಾಗ ಚಿಕ್ಕದು. ಎಲ್ಲರೂ ಅದನ್ನು ಸ್ಪೀಚ್ ರೂಮು ಅನ್ನುತ್ತಿದ್ದರು. ಪಾರ್ಶ್ವವಾಯು ಹೊಡೆದು ಮಾತು ಹೋದವರು, ತೊದಲುವವರು, ವಯಸ್ಸಿಗೆ ತಕ್ಕ ಮಾತು ಬಾರದ ಮಕ್ಕಳು ನಮ್ಮಲ್ಲಿಗೆ ಬರುತ್ತಿದ್ದರು. ಬಡ್ತಿ ಯಾವಾಗ ಸಿಕ್ಕಿತು, ಯಾರು ತಪ್ಪಿಸಿದರು ಎಂಬುದನ್ನೆಲ್ಲ ಬರೆಯುವ ಆಸೆ ನನಗಿಲ್ಲ. ಈ ಕೆಲಸಕ್ಕೆ ಈಗ ಕಾಲಿಡುತ್ತಿರುವವರಿಗೆ ಅದರಿಂದ ಪ್ರಯೋಜನವೂ ಇಲ್ಲ. ಅವರಿಗೆ ಬೇಕಾದದ್ದು ಒಂದೇ: ಎದುರಿಗೆ ಕೂತವರ ಬಾಯಿಂದ ಮಾತು ಹೊರಡದಿದ್ದಾಗ ನಾವು ಏನು ಮಾಡಬೇಕು?

ನನ್ನ ಭಾಷೆಯ ಬಗ್ಗೆ ಎರಡು ಮಾತು. ನಾವು ಮೈಸೂರು ಕಡೆಯವರು. ಅಪ್ಪ ರೈಲ್ವೆಯಲ್ಲಿದ್ದುದರಿಂದ ನಾನು ಹುಟ್ಟಿ ಬೆಳೆದದ್ದು ಪೆರಂಬೂರಿನ ಕ್ವಾರ್ಟರ್ಸಿನಲ್ಲಿ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು, ಶಾಲೆಯಲ್ಲಿ ಇಂಗ್ಲಿಷು. ಅಮ್ಮ ಬೆಳಿಗ್ಗೆ "ಬೇಗ ಕೆಳಂಬು, ಬಸ್ಸು ಪೋಯಿಡತ್ತೆ" ಎಂದು ಕೂಗುತ್ತಿದ್ದಳು; ಬೇಗ ಹೊರಡು, ಬಸ್ಸು ಹೋಗಿಬಿಡುತ್ತದೆ ಎಂದು. ಅದು ಕನ್ನಡವೋ ತಮಿಳೋ ಎಂದು ನಾವು ಯಾರೂ ಯೋಚಿಸಿದವರಲ್ಲ. ಈ ಬೆರಕೆಯೇ ಮುಂದೆ ನನಗೆ ಅನ್ನ ಕೊಟ್ಟಿತು. ಚೆನ್ನೈಯಲ್ಲಿ ಮಾತು ಕಳೆದುಕೊಳ್ಳುವವರು ಒಂದೇ ಭಾಷೆಯನ್ನು ಕಳೆದುಕೊಳ್ಳುವುದಿಲ್ಲವಲ್ಲ.

ಕೆಲಸಕ್ಕೆ ಸೇರಿದ ಹೊಸದರಲ್ಲಿ ನಮ್ಮ ವಿಭಾಗದ ಮುಖ್ಯಸ್ಥೆ ಕೋಮಳಾ ಮೇಡಂ. ದಪ್ಪ ಕನ್ನಡಕ, ನೂಲಿನ ಸೀರೆ, ಮೆಲುದನಿ. ಅವರು ಯಾರನ್ನೂ ಬೈದದ್ದನ್ನು ನಾನು ಕೇಳಿಲ್ಲ, ಆದರೂ ಎಲ್ಲರೂ ಹೆದರುತ್ತಿದ್ದೆವು. ಒಂದು ದಿನ ಪಾರ್ಶ್ವವಾಯುವಿನಿಂದ ಚೇತರಿಸಿಕೊಳ್ಳುತ್ತಿದ್ದ ಒಬ್ಬ ನಿವೃತ್ತ ಪೋಸ್ಟ್‌ಮಾಸ್ಟರ್ ನನ್ನೆದುರು ಕೂತಿದ್ದರು. ನಾನು ಬೀಗದ ಕೈಯ ಚಿತ್ರ ತೋರಿಸಿ ಇದೇನು ಎಂದು ತಮಿಳಿನಲ್ಲಿ ಕೇಳಿದೆ. ಅವರು ನೋಡಿದರು, ತುಟಿ ತೆರೆದರು, ಮುಚ್ಚಿದರು. ನನಗೆ ಆ ಮೌನ ತಡೆಯಲಾಗಲಿಲ್ಲ. "ಸಾವಿ, ಸಾವಿ ಸರ್" ಎಂದು ನಾನೇ ಹೇಳಿಬಿಟ್ಟೆ. ಅವರು ತಲೆಯಾಡಿಸಿ ಕಿಟಕಿಯ ಕಡೆ ಮುಖ ತಿರುಗಿಸಿಕೊಂಡರು.

ಅವರು ಹೋದ ಮೇಲೆ ಕೋಮಳಾ ಮೇಡಂ ಕೇಳಿದರು: "ಅವರೋಡ ವಾರ್ತೈಯೈ ನೀ ಯೇನ್ ಎಡುತ್ತುಕ್ಕಿಟ್ಟೆ?" ಅವರ ಪದವನ್ನು ನೀನು ಯಾಕೆ ತೆಗೆದುಕೊಂಡೆ ಎಂದು. ನಾನು ಕೊಟ್ಟೆ ಎಂದುಕೊಂಡಿದ್ದೆ. ತೆಗೆದುಕೊಂಡೆ ಎಂಬ ಆ ಮಾತು ಮನಸ್ಸಿನಲ್ಲಿ ಕೂತುಬಿಟ್ಟಿತು.

ಮರುದಿನ ಅವರು ನನ್ನನ್ನು ಪೋಸ್ಟ್‌ಮಾಸ್ಟರರ ಎದುರು ಕೂರಿಸಿ, ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಳ್ಳಲು ಹೇಳಿದರು. ಕೈ ಸುಮ್ಮನಿದ್ದರೆ ಬಾಯಿಯೂ ಸುಮ್ಮನಿರುತ್ತದೆ ಎಂಬುದು ಅವರ ಲೆಕ್ಕ. ಅದೇ ಬೀಗದ ಕೈಯ ಚಿತ್ರ. ಈ ಸಲ ಮಾಡಲು ಬೇರೇನೂ ಇಲ್ಲದೆ ನಾನು ಆ ಮನುಷ್ಯನನ್ನು ನೋಡಿದೆ. ಗಂಟಲು ಏರಿಳಿಯುತ್ತಿತ್ತು. ನಾಲಿಗೆಯ ತುದಿ ಹಲ್ಲಿನ ಹಿಂದಕ್ಕೆ ಬಂದು ಮತ್ತೆ ಹಿಂದೆ ಸರಿಯುತ್ತಿತ್ತು. ಮೇಜಿನ ಮೇಲಿದ್ದ ಎಡಗೈಯ ಎರಡು ಬೆರಳು, ಬೀಗ ತೆಗೆಯುವವರ ಹಾಗೆ, ಸಣ್ಣಗೆ ತಿರುಗುತ್ತಿದ್ದವು. ಅವರು ಸುಮ್ಮನಿರಲಿಲ್ಲ. ಬೆವರು ಬರುವಷ್ಟು ಕೆಲಸ ಮಾಡುತ್ತಿದ್ದರು. ನಿನ್ನೆಯೂ ಮಾಡಿರಬೇಕು, ನನಗೆ ಕಂಡಿರಲಿಲ್ಲ. ಕೊನೆಗೆ ಪದ ಬಂತು: "ಸಾ...ವಿ." ಹೇಳಿ ಅವರು ಮೇಜನ್ನು ಗುದ್ದಿದರು. ಕೋಮಳಾ ಮೇಡಂ ಬಾಗಿಲಲ್ಲಿ ನಿಂತು ನಗುತ್ತಿದ್ದರು.

ಆಗ ನಮ್ಮಲ್ಲಿದ್ದ ಚಿತ್ರದ ಕಾರ್ಡುಗಳು ಹೊರದೇಶದಿಂದ ಬಂದವು. ಒಂದು ಕಾರ್ಡಿನಲ್ಲಿ ಹಿಮದ ಗೊಂಬೆ, ಇನ್ನೊಂದರಲ್ಲಿ ಗೋಡೆಯೊಳಗಿನ ಬೆಂಕಿಗೂಡು, ಮತ್ತೊಂದರಲ್ಲಿ ಬ್ರೆಡ್ ಸುಡುವ ಯಂತ್ರ. ಮಾಂಬಲದ ಒಬ್ಬ ಅಜ್ಜಿ ಆ ಯಂತ್ರವನ್ನು ಬಹಳ ಹೊತ್ತು ನೋಡಿ, ಪದ ಸಿಗದೆ ಅಲ್ಲ, ಬೇಸರದಿಂದ, "ಇದು ನಮ್ಮನೇಲಿ ಇಲ್ಲ" ಎಂದು ತಳ್ಳಿಬಿಟ್ಟರು. ಪೂರ್ತಿ ವಾಕ್ಯ! ಅವರು ಆಸ್ಪತ್ರೆಗೆ ಬಂದ ಮೇಲೆ ಆಡಿದ ಮೊದಲ ಪೂರ್ತಿ ವಾಕ್ಯ. ಆಮೇಲೆ ನಾವೇ ಕೂತು ಮೊರ, ಕಾಫಿ ಫಿಲ್ಟರು, ಒರಳು, ಮೊಳ ಮಲ್ಲಿಗೆ, ಷೇರ್ ಆಟೋ ಎಲ್ಲದರ ಚಿತ್ರ ಬರೆದುಕೊಂಡೆವು. ನನ್ನ ಒರಳು ತಲೆದಿಂಬಿನ ಹಾಗಿತ್ತು. ಆದರೂ ಗುರುತು ಹಿಡಿಯುತ್ತಿದ್ದರು, ಪಾಪ.

ಇಷ್ಟು ಓದಿ, ಕಾಯುವುದೇ ದೊಡ್ಡ ಗುಣ ಎಂದು ನೀವು ತೀರ್ಮಾನಿಸಬಾರದು. ಕಾಯಲೇಬಾರದ ಕಡೆ ಕಾದವರನ್ನೂ ನಾನು ನೋಡಿದ್ದೇನೆ.

ವೇಲಚೇರಿಯಲ್ಲಿ ನಾನಿರುವ ಬ್ಲಾಕಿನಲ್ಲೇ ವೀಣಾ ಎಂಬ ಬ್ಯಾಂಕ್ ಉದ್ಯೋಗಿ ಇದ್ದಳು. ಹುಬ್ಬಳ್ಳಿಯಿಂದ ವರ್ಗವಾಗಿ ಬಂದವಳು. ಅವಳ ಮಗ ಅನಿರುದ್ಧನಿಗೆ ಮೂರು ತುಂಬುತ್ತಾ ಬಂದಿದ್ದರೂ ಮಾತಿರಲಿಲ್ಲ. ನಾನು ಈ ಕೆಲಸದವಳೆಂದು ತಿಳಿದು ಅವಳು ಒಂದು ದಿನ ಲಿಫ್ಟಿನಲ್ಲಿ, ಮಗನ ಕೈ ಹಿಡಿದುಕೊಂಡು, ಏನು ಮಾಡಲಿ ಎಂದು ನನ್ನನ್ನು ಕೇಳಿದಳು. ಜೊತೆಗಿದ್ದ ಅವಳ ಅತ್ತೆ ನಾನು ಬಾಯಿ ತೆರೆಯುವ ಮೊದಲೇ ಹೇಳಿದರು:

"ನಮ್ಮ ಮನಿ ಗಂಡಸ್ರು ಎಲ್ಲಾರೂ ತಡಾ ಮಾಡೇ ಮಾತಾಡ್ಯಾರ್ರೀ. ಇಕಿ ಮಾವ ಅಂತೂ ಸಾಲಿಗೆ ಹೋಗೂ ತನಕ ಮೂಕಾನ ಇದ್ರು. ಸ್ವಲ್ಪ ತಾಳ್ಮಿ ಇರಬೇಕು ನೋಡ್ರಿ ತಾಯಂದ್ರಿಗೆ."

ಲಿಫ್ಟಿನ ಬಾಗಿಲು ದಡಾರನೆ ಮುಚ್ಚಿತು. ನಾವು ಮೂವರೂ ತಿರುಗಿದೆವು. ಹುಡುಗ ತಿರುಗಲಿಲ್ಲ. ಅಂಗಿಯ ಗುಂಡಿ ನೋಡುತ್ತಾ ನಿಂತಿದ್ದ.

"ನಾಳೆ ಬೆಳಿಗ್ಗೆಯೇ ಕಿವಿ ತೋರಿಸಿ. ಒಂದು ವಾರವೂ ಕಾಯಬೇಡಿ" ಎಂದೆ. ಅತ್ತೆಗೆ ಸಿಟ್ಟು ಬಂತು. ವೀಣಾ ಮಾತ್ರ ಮರುದಿನ ರಜೆ ಹಾಕಿ ಬಂದಳು. ಹುಡುಗನಿಗೆ ಕೇಳಿಸುತ್ತಿದ್ದುದು ಬಹಳ ಕಡಿಮೆ. ಕಿವಿಗೆ ಯಂತ್ರ ಹಾಕಿಸಿ, ಅದರ ಜೊತೆಗೆ ದಿನವೂ ಪಾಠ. ಯಂತ್ರ ಹಾಕಿದ ಮೊದಲ ಬೆಳಿಗ್ಗೆ ಅವನು ಕುಕ್ಕರಿನ ಸೀಟಿಗೆ ಬೆಚ್ಚಿ ಅಳತೊಡಗಿದಾಗ, ಅವನೊಂದಿಗೆ ಅಜ್ಜಿಯೂ ಅತ್ತರಂತೆ. ಆಮೇಲೆ ಪಾಠಕ್ಕೆ ಅವನನ್ನು ತಪ್ಪದೆ ಕರೆದುಕೊಂಡು ಬರುತ್ತಿದ್ದವರು ಆ ಅಜ್ಜಿಯೇ. ಈಗ ಆ ಹುಡುಗ ನಮ್ಮ ಬ್ಲಾಕಿನ ಕೆಳಗೆ ಕ್ರಿಕೆಟ್ ಆಡುತ್ತಾ ಔಟೋ ಅಲ್ಲವೋ ಎಂದು ಮೂರು ಭಾಷೆಯಲ್ಲಿ ಜಗಳವಾಡುತ್ತಾನೆ. ನನ್ನ ಮಧ್ಯಾಹ್ನದ ನಿದ್ದೆ ಹೋಗಿದೆ, ಬೇಸರವಿಲ್ಲ.

ಹಾಗಾದರೆ ಯಾವಾಗ ಕಾಯಬೇಕು, ಯಾವಾಗ ಓಡಬೇಕು? ಏನಾಗಿದೆ ಎಂದು ತಿಳಿಯದೆ ದಿನ ದೂಡುವುದಕ್ಕೆ ತಾಳ್ಮೆ ಎಂಬ ಹೆಸರಿಡಬೇಡಿ. ತಿಳಿದುಕೊಂಡು, ಮಾಡಬೇಕಾದದ್ದನ್ನೆಲ್ಲ ಮಾಡಿ, ಉಳಿದದ್ದನ್ನು ಎದುರಿಗಿರುವವರೇ ಮಾಡಬೇಕಾದಾಗ ಅವರಿಗೆ ಜಾಗ ಬಿಟ್ಟು ಕೂರುವುದು ತಾಳ್ಮೆ. ಇದನ್ನು ನನಗೆ ಚೆನ್ನಾಗಿ ತಿಳಿಸಿಕೊಟ್ಟವರು ನನ್ನ ನಿವೃತ್ತಿಗೆ ಸ್ವಲ್ಪ ಮೊದಲು ಬಂದ ಒಂದು ಕುಟುಂಬದವರು. ಅವರ ವಿಷಯವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು.

ಸುಬ್ರಾಯರು ಕುಂದಾಪುರದ ಹತ್ತಿರದ ಹಳ್ಳಿಯವರು. ಹರೆಯದಲ್ಲೇ ಊರು ಬಿಟ್ಟು ಬಂದು ವಡಪಳನಿಯ ಒಂದು ಸಸ್ಯಾಹಾರಿ ಹೋಟೆಲಿನಲ್ಲಿ ಸಪ್ಲೈಯರ್ ಆಗಿದ್ದರು. ಮುರುಗನ್ ದೇವಸ್ಥಾನಕ್ಕೆ ಬಂದವರು, ಸ್ಟುಡಿಯೋಗಳಿಗೆ ಹೋಗುವ ಲೈಟ್‌ಮನ್ನುಗಳು, ಮೇಕಪ್ಪಿನವರು ಎಲ್ಲರೂ ಬೆಳಿಗ್ಗೆ ಅಲ್ಲಿಗೆ ಬರುವವರೇ. ಗಿರಾಕಿ ಕೂತ ಕೂಡಲೇ ಇರುವ ತಿಂಡಿಗಳನ್ನೆಲ್ಲ ಒಂದೇ ಉಸಿರಿಗೆ ಹೇಳುವುದರಲ್ಲಿ ಸುಬ್ರಾಯರು ಹೆಸರಾಗಿದ್ದರು. ಒಂದು ಮುಂಜಾನೆ ಕೈಯಲ್ಲಿದ್ದ ಕಾಫಿ ಲೋಟಗಳು ಜಾರಿ ಬಿದ್ದವು. ಬಗ್ಗಿ ಎತ್ತಿಕೊಳ್ಳಲು ಹೋದವರು ಏಳಲಿಲ್ಲ. ಜೀವ ಉಳಿಯಿತು, ಕಾಲಿಗೂ ನಿಧಾನವಾಗಿ ಬಲ ಬಂತು. ಬಲಗೈ ಅರ್ಧ ಮಾತ್ರ ಸ್ವಾಧೀನಕ್ಕೆ ಬಂತು. ಮಾತು ಹೋಗಿತ್ತು.

ನನ್ನ ಕೋಣೆಗೆ ಅವರ ಜೊತೆ ಹೆಂಡತಿ ಗಿರಿಜಮ್ಮ, ಮಗಳು ರೇವತಿ ಬಂದರು. ರೇವತಿ ವೇಲಚೇರಿಯ ಒಂದು ಕಾಲ್ ಸೆಂಟರಿನಲ್ಲಿ ಕೆಲಸ ಮಾಡುವ ಹುಡುಗಿ. ಕಣ್ಣಿನಲ್ಲಿ ನಿದ್ದೆ, ಬಾಯಲ್ಲಿ ಬಾಣದಂಥ ಮಾತು. ತಂದೆ ತಾಯಿ ಕುಂದಾಪುರದ ಕನ್ನಡ ಆಡಿದರೆ ಅವಳಿಗೆ ಹೆಚ್ಚು ಕಡಿಮೆ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ತಮಿಳಿನಲ್ಲಿ. ಆಗಿನ ಅವಳ ಮಾತನ್ನು ಇಲ್ಲಿ ಹೆಚ್ಚಾಗಿ ಕನ್ನಡ ಮಾಡಿ ಬರೆದಿದ್ದೇನೆ.

"ಸುಬ್ರಾಯರೇ, ಮನೆಯಲ್ಲಿ ಯಾರ್ಯಾರಿದ್ದೀರಿ?" ಎಂದು ಕೇಳಿದೆ.

ಅವರು ಮಗಳ ಕಡೆ ಕೈ ತೋರಿಸಿದರು. ತುಟಿ ಮುಂದಕ್ಕೆ ಬಂತು.

"ನಾನು ರೇವತಿ ಮೇಡಂ, ಒಬ್ಬಳೇ ಮಗಳು. ಅಮ್ಮ ಗಿರಿಜಾ. ಅಪ್ಪಾ, ಸೀಕ್ರಂ ಸೊಲ್ಲುಂಗ, ಮೇಡಂ ಕೇಳ್ತಿದ್ದಾರಲ್ಲ" ಎಂದಳು ಅವಳು. ಬೇಗ ಹೇಳಿ ಎಂದು ಅವಸರಿಸಿದಳು, ಉತ್ತರವನ್ನೂ ತಾನೇ ಮುಗಿಸಿದಳು. ಅವಳನ್ನು ನೋಡಿ ನನಗೆ ಪೋಸ್ಟ್‌ಮಾಸ್ಟರರ ಎದುರು ಕೂತ ನಾನೇ ಕಂಡೆ. ಬೈಯಲು ಬಾಯಿ ಬರಲಿಲ್ಲ.

ಎರಡನೆಯ ವಾರ ಒಂದು ಚಮತ್ಕಾರ ನಡೆಯಿತು, ಅಥವಾ ಹಾಗೆ ಎಲ್ಲರೂ ತಿಳಿದರು. ನಾನು ಸುಮ್ಮನೆ ಮೇಜಿನ ಮೇಲೆ ಒಂದು ತಟ್ಟೆ, ನೀರಿನ ಲೋಟ ಇಟ್ಟು, ಗಿರಾಕಿಯ ಹಾಗೆ ಕುರ್ಚಿ ಎಳೆದು ಕೂತು, "ಏನಿದೆ?" ಅಂದೆ. ಸುಬ್ರಾಯರ ಬೆನ್ನು ನೆಟ್ಟಗಾಯಿತು.

"ಇಡ್ಲಿ ವಡೆ ಪೊಂಗಲ್ ಪೂರಿ ಕಿಚಡಿ ಸಾದಾ ದೋಸೆ ಮಸಾಲೆ ದೋಸೆ ರವಾ ದೋಸೆ ಊತಪ್ಪಂ!"

ಒಂದು ತಡವರಿಕೆ ಇಲ್ಲ. ಗಿರಿಜಮ್ಮ ಕೈಮುಗಿದು ಅಳತೊಡಗಿದರು. ರೇವತಿ ಅಪ್ಪನನ್ನು ತಬ್ಬಿಕೊಂಡಳು. ಆಸ್ಪತ್ರೆಯ ಕಾರಿಡಾರಿನಲ್ಲಿದ್ದವರೂ ಇಣುಕಿದರು. ನಾನು ಮಾತ್ರ ಸಂಭ್ರಮಪಡುವ ಹಾಗಿರಲಿಲ್ಲ. ಇದು ಎಷ್ಟೋ ಸಲ ನೋಡಿದ ಸಂಗತಿ. ನೂರಾರು ಬಾರಿ ಆಡಿ ಬಾಯಿಪಾಠವಾದ ಮಾತು, ಶ್ಲೋಕ, ವಾರಗಳ ಹೆಸರು ತಾವಾಗಿಯೇ ಸರಸರನೆ ಹೊರಗೆ ಬರುತ್ತವೆ. ಬೇಕಾದ ಪದವನ್ನು ಬೇಕಾದಾಗ ಹುಡುಕಿ ತೆಗೆಯುವುದು ಬೇರೆಯೇ ಕೆಲಸ.

"ಅಪ್ಪಾ, ನನ್ನ ಹೆಸರೇನು? ಹೇಳಿ" ಎಂದು ರೇವತಿ ಕೇಳಿದಳು. ಸುಬ್ರಾಯರು ಅವಳ ಮುಖ ನೋಡಿದರು. "ಇಡ್ಲಿ" ಎಂದರು. ಹೇಳಿದ್ದು ತಪ್ಪೆಂದು ಅವರಿಗೆ ಗೊತ್ತಾಯಿತು. ಎಡಗೈಯಿಂದ ಬಾಯಿಗೆ ಹೊಡೆದುಕೊಂಡರು.

ಅವತ್ತು ರೇವತಿ ಕಾರಿಡಾರಿನಲ್ಲಿ ನಿಂತು ನನ್ನ ಮೇಲೆ ರೇಗಿದಳು. "ತಿಂಡಿ ಹೆಸರೆಲ್ಲ ಬರುತ್ತೆ, ನನ್ನ ಹೆಸರು ಬರಲ್ಲ ಅಂದ್ರೆ ಏನರ್ಥ ಮೇಡಂ? ಇನ್ನೂ ಎಷ್ಟು ದಿನ ಹೀಗೆ? ನೀವು ಏನೂ ಮಾಡ್ತಾನೇ ಇಲ್ಲ, ಸುಮ್ನೆ ಕೂತ್ಕೋತೀರ."

ಅವಳ ಸಿಟ್ಟು ಇಳಿಯಲಿ ಎಂದು ಕ್ಯಾಂಟೀನಿಗೆ ಕರೆದುಕೊಂಡು ಹೋದೆ. ಅಲ್ಲಿ ಅವಳು ತನ್ನ ಕೆಲಸದ ವಿಷಯ ಹೇಳಿದಳು. "ನಮ್ಮ ಆಫೀಸಲ್ಲಿ ಲೈನಲ್ಲಿ ಸ್ವಲ್ಪ ಸದ್ದಿಲ್ಲ ಅಂದ್ರೂ ಅದು ನಮ್ಮ ತಪ್ಪು. ಫೋನ್ ಕಾಲ್ ಉದ್ದ ಆದ್ರೆ ಸೂಪರ್‌ವೈಸರ್ ಬಂದು ಹಿಂದೆ ನಿಂತ್ಕೋತಾರೆ. ಎದುರಿನವರು ಏನು ಹೇಳೋಕೆ ಹೊರಟಿದ್ದಾರೆ ಅಂತ ಅವರಿಗಿಂತ ಮೊದಲು ನಾವೇ ಹೇಳ್ಬೇಕು. ಐದು ವರ್ಷದಿಂದ ಅದೇ ಅಭ್ಯಾಸ ಮೇಡಂ. ಮನೆಗೆ ಬಂದ ತಕ್ಷಣ ನಾನು ಹೇಗೆ ಬದಲಾಗ್ಲಿ?"

ನ್ಯಾಯವಾದ ಪ್ರಶ್ನೆ. ತಾಳ್ಮೆ ಇರಬೇಕಮ್ಮ ಎಂದು ಉಪದೇಶ ಮಾಡಿದ್ದರೆ ಅವಳು ಎದ್ದು ಹೋಗುತ್ತಿದ್ದಳು. ಉಪದೇಶದಿಂದ ಯಾರಿಗೂ ತಾಳ್ಮೆ ಬರುವುದಿಲ್ಲ. ನೋಡಲು ಏನಾದರೂ ಸಿಕ್ಕರೆ ಬರುತ್ತದೆ. ಅದಕ್ಕೇ ಅವಳಿಗೊಂದು ಕೆಲಸ ಕೊಟ್ಟೆ.

"ಅಪ್ಪನಿಗೆ ಪದ ಸಿಗದಿದ್ದಾಗ ಅವರ ಕಣ್ಣು ನೋಡು. ಹುಡುಕುತ್ತಿದ್ದರೆ ಅವರು ನಿನ್ನ ಕಡೆ ನೋಡಲ್ಲ. ನೆಲ, ಗೋಡೆ, ಕಿಟಕಿ ಎಲ್ಲೋ ನೋಡ್ತಾರೆ. ಆಗ ನೀನು ಮಾತಾಡಿದರೆ ಹುಡುಕುವ ಕೈಯನ್ನು ಹಿಡಿದು ಎಳೆದ ಹಾಗೆ. ಸೋತು ಸಹಾಯ ಬೇಕಾದಾಗ ಅವರೇ ತಿರುಗಿ ನಿನ್ನ ಮುಖ ನೋಡ್ತಾರೆ. ಆಗ ಮೊದಲಕ್ಷರ ಕೊಡು. ಅದಕ್ಕೂ ಮುಂಚೆ ಬೇಡ."

ಇತ್ತ ನಾನು ಆ ತಿಂಡಿಯ ಸರವನ್ನೇ ಹಿಡಿದುಕೊಂಡೆ. ಇಡ್ಲಿ, ವಡೆ ಎಂದು ನಾನು ಹೇಳಿ ನಿಲ್ಲಿಸುವುದು, ಪೊಂಗಲ್ ಅವರು ಹೇಳುವುದು. ಆಮೇಲೆ ಎಲ್ಲಿ ಬೇಕಾದರೂ ನಿಲ್ಲಿಸುವುದು. ಆಮೇಲೆ ಚಿತ್ರ ತೋರಿಸಿ ಆ ಒಂದನ್ನೇ ಕೇಳುವುದು. ಬೇಸರದ ಕೆಲಸ. ಮುಂದೆ ಹೋದದ್ದು ಮರುದಿನ ಹಿಂದೆ ಬರುತ್ತಿತ್ತು. ನಮ್ಮ ವಿಭಾಗಕ್ಕೆ ಆಗ ಹೊಸ ಮುಖ್ಯಸ್ಥನಾಗಿ ಕಾರ್ತಿಕ್ ಬಂದಿದ್ದ. ನನಗಿಂತ ಬಹಳ ಚಿಕ್ಕವನು, ಹೊಸ ವಿಧಾನಗಳಲ್ಲಿ ಆಸಕ್ತಿ. ಮನೆಯಲ್ಲಿ ಅಭ್ಯಾಸಕ್ಕೆಂದು ಸುಬ್ರಾಯರಿಗೆ ಒಂದು ಟ್ಯಾಬ್ಲೆಟ್ ಕೊಡಿಸಿದ. ಚಿತ್ರ ತೋರಿಸಿ ಕೇಳುತ್ತದೆ, ಸ್ವಲ್ಪ ಹೊತ್ತು ನೋಡುತ್ತದೆ, ಉತ್ತರ ಬರದಿದ್ದರೆ ತಾನೇ ಹೇಳುತ್ತದೆ. ಮುಂದಿನ ಸಲ ಬಂದಾಗ ಗಿರಿಜಮ್ಮ ದೂರು ಹೇಳಿದರು: "ಇವ್ರ್ ಅದನ್ನ್ ಬೋರ್ಲ್ ಹಾಕಿ ಇಡ್ತ್ರ್ ಮೇಡಂ. ಅದ್ ಬಾಯ್ ಬಿಟ್ಟ್ ಕೂಡ್ಲೆ ಇವ್ರಿಗ್ ಸಿಟ್ಟ್ ಬತ್ತ್."

ನಾನು ಯಂತ್ರವೇ ಬೇಡ ಎನ್ನಲಿಲ್ಲ. ಕಾರ್ತಿಕನಿಗೆ ನಡೆದದ್ದನ್ನು ಹೇಳಿದೆ. ಅವನು ನಕ್ಕು, ಅದರೊಳಗೆ ಏನೇನೋ ಹುಡುಕಿ, ಉತ್ತರವನ್ನು ತಾನಾಗಿ ಹೇಳದ ಹಾಗೆ ಮಾಡಿಕೊಟ್ಟ. ಬೆರಳಿಟ್ಟು ಕೇಳಿದರೆ ಮಾತ್ರ ಹೇಳಬೇಕು. ಆಮೇಲೆ ಸುಬ್ರಾಯರಿಗೂ ಅದಕ್ಕೂ ಒಳ್ಳೆಯ ಸ್ನೇಹವಾಯಿತು. ಹೊಸ ಉಪಕರಣಗಳನ್ನು ಕಂಡರೆ ಮೂಗು ಮುರಿಯುವ ಹಿರಿಯರನ್ನು ನೀವು ನಂಬಬೇಡಿ. ಯಂತ್ರಕ್ಕೂ ಕಾಯುವುದನ್ನು ಕಲಿಸಬಹುದು, ಮನುಷ್ಯರಿಗಿಂತ ಬೇಗ.

ಮಳೆಗಾಲದ ಒಂದು ಮಧ್ಯಾಹ್ನ ಅವರು ಹೊರಡುವಾಗ ಮಳೆ ಶುರುವಾಯಿತು. ಬಾಗಿಲಲ್ಲಿ ನಿಂತ ಸುಬ್ರಾಯರು ಮಗಳ ಕಡೆ ತಿರುಗಿ "ಕೊಡಿ" ಎಂದರು. ಹೊಸ ಪದ! ರೇವತಿ ಸಂತೋಷದಿಂದ ನೀರಿನ ಬಾಟಲಿ ಕೊಟ್ಟಳು. ಅಲ್ಲವೆಂದು ತಲೆಯಾಡಿಸಿದರು. ಟವೆಲ್ ಕೊಟ್ಟಳು, ಫೋನ್ ಕೊಟ್ಟಳು. "ಕೊಡಿ, ಕೊಡಿ!" ಎಂದು ಅವರ ದನಿ ಏರಿತು. ಬಿಲ್ಲಿನ ಕೌಂಟರಿನಿಂದ ಬಂದ ಗಿರಿಜಮ್ಮ ಹೊರಗೆ ನೋಡಿ, "ಕೊಡಿ ಕೇಂತ್ರ್ ಹೆಣೆ, ಮಳಿ ಬತ್ತಿತ್ತಲ್ಲ" ಎಂದು ಚೀಲದಿಂದ ಛತ್ರಿ ತೆಗೆದರು. ಕೊಡೆ ಕೇಳುತ್ತಿದ್ದಾರೆ ಕಣೇ, ಮಳೆ ಬರುತ್ತಿದೆಯಲ್ಲ ಎಂದು; ಅವರ ಊರಿನಲ್ಲಿ ಕೊಡೆಯನ್ನು ಕೊಡಿ ಅನ್ನುತ್ತಾರೆ. ರೇವತಿ ನಕ್ಕಳು, ಸುಬ್ರಾಯರೂ ನಕ್ಕರು. ಕಾಯಿಲೆಯಾದ ಮೇಲೆ ಅವರು ನಕ್ಕದ್ದು ನಾನು ನೋಡಿದ್ದು ಅದೇ ಮೊದಲು.

ಅವತ್ತಿನಿಂದ ಒಂದು ಸಂಗತಿ ನನಗೂ ರೇವತಿಗೂ ಸ್ಪಷ್ಟವಾಯಿತು. ಸುಬ್ರಾಯರಿಗೆ ಮರಳಿ ಬರುತ್ತಿದ್ದುದು ಹೋಟೆಲಿನ ತಮಿಳಲ್ಲ, ಊರಿನ ಕನ್ನಡ. ಅಪ್ಪನ ಮಾತಿಗೆ ಕಾಯಬೇಕಾದರೆ ಯಾವ ಭಾಷೆಯ ಬಾಗಿಲಲ್ಲಿ ಕಾಯಬೇಕು ಎಂಬುದು ಗೊತ್ತಿರಬೇಕಲ್ಲ. ರೇವತಿ ಕೆಲಸಕ್ಕೆ ಹೋಗುವಾಗ ರೈಲಿನಲ್ಲಿ ಅಮ್ಮನಿಗೆ ಫೋನ್ ಮಾಡಿ ಕನ್ನಡ ಮಾತಾಡುವ ಅಭ್ಯಾಸ ಮಾಡಿಕೊಂಡಳು. ಪಕ್ಕದವರು ನಗುತ್ತಿದ್ದರಂತೆ. ಅವಳ ಕನ್ನಡವೇ ಹಾಗಿತ್ತು.

ಕೆಲವು ತಿಂಗಳ ನಂತರ ಊರಿನಿಂದ ಸುಬ್ರಾಯರ ಅಣ್ಣ ರಾಘವರು ಬಂದರು. ಒಳ್ಳೆಯ ಮನುಷ್ಯ. ತಮ್ಮನಿಗೆಂದು ಮನೆಯ ಮುಂದಿನ ಕೋಣೆ ಖಾಲಿ ಮಾಡಿಸಿ, ಕರೆದುಕೊಂಡು ಹೋಗಲೆಂದೇ ಬಂದಿದ್ದರು. ಗಿರಿಜಮ್ಮ ಅರ್ಧ ಒಪ್ಪಿದ್ದರು. ಚಿಕಿತ್ಸೆ ನಿಲ್ಲಿಸುವ ವಿಷಯ ತಿಳಿಸಲು ನಾಲ್ವರೂ ನನ್ನ ಕೋಣೆಗೆ ಬಂದರು.

"ಇಲ್ಲ್ ಇದ್ಕಂಡ್ ಎಂತ ಮಾಡುದ್ ಮೇಡಂ? ಕೆಲ್ಸ ಇಲ್ಲ, ಮಾತ್ ಇಲ್ಲ. ಊರಂಗೆ ನಾವೆಲ್ಲ ಇದ್ದೋ, ಆರಾಮ್ ಇರ್ಲಿ" ಎಂದರು ರಾಘವರು. ಊರಿನಲ್ಲಿ ನಾವೆಲ್ಲ ಇದ್ದೇವೆ ಎಂಬ ಅವರ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಸುಬ್ರಾಯರು ಕುರ್ಚಿಯ ಹಿಡಿಯನ್ನು ನೋಡುತ್ತಾ ಕೂತಿದ್ದರು. ಅವರ ಮುಂದಿನ ಬದುಕಿನ ತೀರ್ಮಾನ ಅವರ ತಲೆಯ ಮೇಲೆ ಆಚೀಚೆ ಓಡಾಡುತ್ತಿತ್ತು.

"ಇವರನ್ನು ಕೇಳಿದಿರಾ?" ಎಂದೆ.

"ಕೇಂಡೆ ಮೇಡಂ. ಎಂತದೂ ಹೇಳ್ಲಿಲ್ಲ."

"ಎಷ್ಟು ಹೊತ್ತು ಕಾದಿರಿ?"

ರಾಘವರಿಗೆ ಪ್ರಶ್ನೆ ಅರ್ಥವಾಗಲಿಲ್ಲ. ನಾನು ಕುರ್ಚಿಯನ್ನು ಸುಬ್ರಾಯರ ಎದುರಿಗೆ ಎಳೆದುಕೊಂಡೆ. "ಸುಬ್ರಾಯರೇ, ಅಣ್ಣ ಊರಿಗೆ ಕರೀತಿದ್ದಾರೆ. ನಿಮಗೆ ಏನು ಬೇಕು? ನಿಧಾನವಾಗಿ ಹೇಳಿ. ನಾವು ಎಲ್ಲೂ ಹೋಗಲ್ಲ."

ಫ್ಯಾನ್ ತಿರುಗುತ್ತಿತ್ತು. ಹೊರಗೆ ನರ್ಸ್ ಮುಂದಿನ ರೋಗಿಯ ಹೆಸರು ಕೂಗಿದಳು, ಮತ್ತೆ ಕೂಗಿದಳು. ಸುಬ್ರಾಯರು ಕಿಟಕಿಯ ಕಡೆ ನೋಡಿದರು. ಹಣೆಯ ಮೇಲೆ ಬೆವರು. ಬಾಯಿ ತೆರೆಯಿತು, "ಇಡ್..." ಎಂದಿತು, ನಿಂತಿತು. ತಲೆ ಕೊಡವಿ ಮತ್ತೆ ಮೊದಲಿನಿಂದ ಶುರುಮಾಡಿದರು. ಅವರು ಸೋತು ನನ್ನ ಮುಖ ನೋಡಿದರೆ ಏನು ಕೊಡಲಿ? ಈ ಪದದ ಮೊದಲಕ್ಷರ ನನಗೂ ಗೊತ್ತಿರಲಿಲ್ಲ. ಹೋಗಬೇಕು ಎನ್ನುತ್ತಾರೋ, ಬೇಡ ಎನ್ನುತ್ತಾರೋ.

ರಾಘವರಿಗೆ ತಮ್ಮನ ಕಷ್ಟ ನೋಡಲಾಗಲಿಲ್ಲ. "ಬಿಡಾ ಸುಬ್ರಾಯ, ಸಾಕ್..." ಎಂದು ಎದ್ದರು.

ರೇವತಿ ಅವರ ತೋಳು ಹಿಡಿದಳು. "ದೊಡ್ಡಪ್ಪಾ, ಇರಿ. ಅಪ್ಪ ತೇಡ್ರಾರ್" ಎಂದಳು ಮೆಲ್ಲಗೆ. ಅಪ್ಪ ಹುಡುಕುತ್ತಿದ್ದಾರೆ. ರಾಘವರಿಗೆ ತಮಿಳು ಬಾರದು, ಆದರೆ ಅವಳ ಮುಖ ನೋಡಿ ಕೂತರು. ಅವಳು ಒಮ್ಮೆಯೂ ಗಡಿಯಾರ ನೋಡಲಿಲ್ಲ, ಫೋನ್ ನೋಡಲಿಲ್ಲ. ಅಪ್ಪನ ಕಣ್ಣನ್ನೇ ನೋಡುತ್ತಿದ್ದಳು.

"ಊರ್..." ಎಂದರು ಸುಬ್ರಾಯರು. ಎಷ್ಟೋ ಹೊತ್ತಿನ ಮೇಲೆ, "ಬ್ಯಾಡ." ಇನ್ನಷ್ಟು ಹೊತ್ತು. ಎಡಗೈ ತೊಡೆಯ ಮೇಲೆ ತಾಳ ಹಾಕುತ್ತಿತ್ತು. "ನಾನ್... ಕೆಲ್ಸಕ್ಕೆ... ಹೋತೆ."

ನಾನು ಕೆಲಸಕ್ಕೆ ಹೋಗುತ್ತೇನೆ. ಆಮೇಲೆ ಯಾರೂ ಕೇಳದೆಯೇ, ಮಗಳ ಕಡೆ ತಿರುಗಿ, ಬಹಳ ಸಲೀಸಾಗಿ, "ರೇವತಿ" ಎಂದರು.

ರೇವತಿ ಮುಖ ಮುಚ್ಚಿಕೊಂಡಳು. ರಾಘವರು ಕಣ್ಣೊರೆಸಿಕೊಂಡು, "ಅವ ಹೇಳ್ದ ಅಲ್ದಾ, ಸಾಕ್" ಎಂದರು. ಮರುದಿನ ಒಬ್ಬರೇ ರೈಲು ಹತ್ತಿದರು. ಪ್ರತಿ ಭಾನುವಾರ ಫೋನ್ ಮಾಡಿ ತಮ್ಮನೊಂದಿಗೆ ಎರಡು ಮಾತಾಡುವ ಕ್ರಮ ಅಲ್ಲಿಂದ ಶುರುವಾಯಿತು.

ಎಲ್ಲವೂ ಮೊದಲಿನಂತಾಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಹೋಟೆಲಿನ ಧಣಿಗಳು ಯೋಚಿಸಿ, ಬೆಳಗಿನ ಗದ್ದಲ ಬೇಡ, ಮಧ್ಯಾಹ್ನ ಊಟದ ಸಮಯ ಕಳೆದ ಮೇಲೆ ಬಂದು ಕಾಫಿ ಟೇಬಲ್ಲು ನೋಡಿಕೊಳ್ಳಲಿ ಎಂದರು. ಒಂದು ಕೈಯಲ್ಲಿ ಒಂದು ಸಲಕ್ಕೆ ಒಂದೇ ಲೋಟ. ಮೊದಲ ದಿನವೇ ಒಬ್ಬ ಗಿರಾಕಿ ಗೊಣಗುತ್ತಾ ಎದ್ದು ಹೋದ. ಚಹಾ ಕೇಳಿದವರಿಗೆ ಕಾಫಿ ಹೋಗುತ್ತಿತ್ತು. ಆದರೆ ಸ್ಟುಡಿಯೋದ ಹಳೆಯ ಲೈಟ್‌ಮನ್ನುಗಳು ಅವರ ಟೇಬಲ್ಲಿಗೇ ಬಂದು ಕೂರುತ್ತಿದ್ದರು. ನಿಧಾನವಾಗಿ ತಮಿಳೂ ಅಲ್ಲೊಂದು ಇಲ್ಲೊಂದು ಪದವಾಗಿ ಮರಳತೊಡಗಿತು.

ನನ್ನ ಕೈಯಲ್ಲಿ ಮಾತು ಮರಳದವರೂ ಬಹಳ ಜನ ಇದ್ದಾರೆ. ಅವರ ಮುಂದೆ ಕೂತ ಗಂಟೆಗಳು ವ್ಯರ್ಥವಾದವೆಂದು ನನಗೆ ಅನ್ನಿಸುವುದಿಲ್ಲ. ಮಾತು ಬಾರದಿದ್ದರೂ ತನ್ನ ಮಾತಿಗಾಗಿ ಒಬ್ಬರು ಎದುರಿಗೆ ಕೂತಿದ್ದಾರೆ ಎಂಬುದು ಅವರಿಗೆ ತಿಳಿಯುತ್ತಿತ್ತು. ಕೆಲವರು ಹೊರಡುವಾಗ ನನ್ನ ಕೈಯನ್ನು ಹಿಡಿದುಕೊಂಡು ಬಿಡುತ್ತಲೇ ಇರಲಿಲ್ಲ. ಈ ಕೆಲಸಕ್ಕೆ ಬರುವವರು ಅದನ್ನೂ ಫಲ ಎಂದು ತಿಳಿಯುವುದನ್ನು ಕಲಿಯಬೇಕು. ಇಲ್ಲದಿದ್ದರೆ ಬೇಗ ಸುಸ್ತಾಗುತ್ತೀರಿ.

ಹೋದ ತಿಂಗಳು ವೇಲಚೇರಿ ಸ್ಟೇಷನ್ನಿನ ಮೆಟ್ಟಿಲ ಬಳಿ ರೇವತಿ ಸಿಕ್ಕಿದಳು. ಕೆಲಸ ಮುಗಿಸಿ ಮನೆಗೆ ಹೊರಟಿದ್ದಳು. ಕನ್ನಡದಲ್ಲೇ ಮಾತಾಡಿದಳು, ಅರ್ಧ ಮೈಸೂರು, ಅರ್ಧ ಕುಂದಾಪುರ, ನಡುವೆ ತಮಿಳು.

"ಅಪ್ಪ ಹೇಗಿದ್ದಾರೆ?"

"ಚೆನ್ನಾಗಿದ್ದಾರೆ ಮೇಡಂ. ಈಗ ದಿನಾ ಸಾಯಂಕಾಲ ನಂಗೆ ಒಂದು ಕತೆ ಹೇಳ್ತಿದ್ದಾರೆ. ಸಣ್ಣ ವಯಸ್ಸಲ್ಲಿ ಊರು ಬಿಟ್ಟು ಮೊದಲ ಸಲ ಮದರಾಸಿಗೆ ಬಂದ ಕತೆ. ಇಷ್ಟು ವರ್ಷದಲ್ಲಿ ಒಂದು ಸಲಾನೂ ಹೇಳಿರ್ಲಿಲ್ಲ. ನಾನೂ ಕೇಳಿರ್ಲಿಲ್ಲ." ಅವಳ ಕಣ್ಣು ಹೊಳೆಯುತ್ತಿತ್ತು. "ಒಂದು ದಿನಕ್ಕೆ ಒಂದು ವಾಕ್ಯ, ಜಾಸ್ತಿ ಅಂದ್ರೆ ಎರಡು. ಮಂಗಳೂರಲ್ಲಿ ರೈಲು ಹತ್ತಿದ್ದಾರೆ. ಪಾಲಕ್ಕಾಡಲ್ಲಿ ಒಬ್ಬ ಅಜ್ಜ ಪಕ್ಕ ಬಂದು ಕೂತು ಬಾಳೆಹಣ್ಣು ಕೊಟ್ಟಿದ್ದಾನೆ. ಈರೋಡಲ್ಲಿ ನೀರು ಕುಡಿಯೋಕೆ ಇಳಿದು ರೈಲು ತಪ್ಪೋದ್ರಲ್ಲಿತ್ತಂತೆ, ಆ ಅಜ್ಜನೇ ಕೈ ಹಿಡಿದು ಎಳ್ಕೊಂಡಿದ್ದಾನೆ."

"ಆಮೇಲೆ? ಇಲ್ಲಿ ಬಂದು ಇಳಿದ ಮೇಲೆ ಏನಾಯ್ತು? ಹೋಟೆಲಿಗೆ ಹೇಗೆ ಸೇರಿದರು?" ನನಗೂ ತಡೆಯಲಾಗಲಿಲ್ಲ.

ರೇವತಿ ಚೀಲವನ್ನು ಹೆಗಲಿಗೇರಿಸಿಕೊಂಡು ನಕ್ಕಳು.

"ಗೊತ್ತಿಲ್ಲ ಮೇಡಂ. ರೈಲು ನಿನ್ನೆ ತಾನೆ ಜೋಲಾರ್‌ಪೇಟೆ ಬಿಟ್ಟಿದೆ."